ಒಬ್ಬರಿಗಾಗಿ ಅಡುಗೆ: ಖರ್ಚು ಸೋರುವುದು ಎಲ್ಲಿ?

ಪ್ರಶ್ನೆ: ಕೆಲಸದ ನಿಮಿತ್ತ ಮನೆಯವರಿಂದ ದೂರ ಬಂದು ಎಂಟು ತಿಂಗಳಿಂದ ಒಬ್ಬನೇ ಇದ್ದೇನೆ. ಅಡುಗೆ ಬರುತ್ತದೆ, ಮಾಡಲು ಬೇಸರವೂ ಇಲ್ಲ. ಆದರೂ ಊಟಕ್ಕೆಂದು ತೆಗೆದಿಟ್ಟ ಹಣ ತಿಂಗಳ ಮೂರನೇ ವಾರಕ್ಕೇ ಮುಗಿದುಹೋಗುತ್ತದೆ. ಅಗ್ಗವೆಂದು ದೊಡ್ಡ ಪೊಟ್ಟಣಗಳನ್ನೇ ತರುತ್ತೇನೆ, ಆದರೆ ತರಕಾರಿಯಲ್ಲಿ ಒಂದು ಪಾಲು ಫ್ರಿಜ್ಜಿನಲ್ಲೇ ಕೊಳೆಯುತ್ತದೆ. ಭಾನುವಾರ ಇಡೀ ವಾರಕ್ಕಾಗುವಷ್ಟು ಅಡುಗೆ ಮಾಡಿಟ್ಟರೆ ಬುಧವಾರದ ಹೊತ್ತಿಗೆ ಅದೇ ರುಚಿ ಸಾಕಾಗಿ ಹೊರಗಿನಿಂದ ತರಿಸುತ್ತೇನೆ. ಸಣ್ಣ ಪೊಟ್ಟಣ ದುಬಾರಿ, ದೊಡ್ಡದು ವ್ಯರ್ಥ ಎಂಬಂತಾಗಿದೆ. ಪೌಷ್ಟಿಕತೆ, ಅದರಲ್ಲೂ ಪ್ರೋಟೀನ್, ಕಡಿಮೆಯಾಗದಂತೆ ಖರ್ಚನ್ನು ಎಲ್ಲಿ ತಗ್ಗಿಸಬಹುದು?

ಉತ್ತರ: ಒಬ್ಬರೇ ಇರುವ ಮನೆಯಲ್ಲಿ ಊಟದ ತಲಾ ಖರ್ಚು ಹೆಚ್ಚಾಗುವುದಕ್ಕೆ ನಿಮ್ಮ ಅಜಾಗರೂಕತೆಯೊಂದೇ ಕಾರಣವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಕೃಷಿ ಇಲಾಖೆಯು ಮಿತವ್ಯಯದ ಆಹಾರ ಯೋಜನೆಯ ಮಾಸಿಕ ವೆಚ್ಚವನ್ನು ಪ್ರಕಟಿಸುವಾಗ ನಾಲ್ವರ ಕುಟುಂಬವನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ, ಮತ್ತು ಒಬ್ಬರೇ ಇರುವ ಮನೆಯಾದರೆ ಆ ತಲಾ ಮೊತ್ತಕ್ಕೆ ಶೇಕಡಾ 20ರಷ್ಟನ್ನೂ ಇಬ್ಬರ ಮನೆಯಾದರೆ ಶೇಕಡಾ 10ರಷ್ಟನ್ನೂ ಸೇರಿಸಿಕೊಳ್ಳಬೇಕೆಂದು ಸೂಚಿಸುತ್ತದೆ. ಅಂದರೆ ಅದೇ ಪದಾರ್ಥಗಳನ್ನು ಅದೇ ಪ್ರಮಾಣದಲ್ಲಿ ಉಂಡರೂ ಒಂಟಿ ಮನೆಯವರು ಹೆಚ್ಚು ತೆರುತ್ತಾರೆಂಬುದು ಲೆಕ್ಕ ಹಾಕುವವರಿಗೂ ಗೊತ್ತಿರುವ ಸಂಗತಿಯೇ. ಈ ಹೆಚ್ಚುವರಿಯನ್ನು ಪೂರ್ತಿ ಅಳಿಸಿಹಾಕುವುದು ಕಷ್ಟ. ಆದರೆ ನಿಮ್ಮ ಪತ್ರವನ್ನು ಓದಿದರೆ ನೀವು ಅದಕ್ಕಿಂತಲೂ ಹೆಚ್ಚು ತೆರುತ್ತಿದ್ದೀರಿ ಎನಿಸುತ್ತದೆ, ಮತ್ತು ಆ ಭಾಗವನ್ನು ನಿಶ್ಚಯವಾಗಿಯೂ ಉಳಿಸಬಹುದು.

ನೀವು ಪದಾರ್ಥದ ಬೆಲೆಯನ್ನು ಅಂಗಡಿಯ ಚೀಟಿಯಲ್ಲಿ ನೋಡುತ್ತಿದ್ದೀರಿ. ಒಬ್ಬರ ಮನೆಯಲ್ಲಿ ಅದನ್ನು ತಟ್ಟೆಯಲ್ಲಿ ನೋಡಬೇಕು. ತಂದ ಕಿಲೋಗೆ ಎಷ್ಟಾಯಿತು ಎಂಬುದು ಮುಖ್ಯವಲ್ಲ, ಉಂಡ ಕಿಲೋಗೆ ಎಷ್ಟಾಯಿತು ಎಂಬುದು ಮುಖ್ಯ. ದೊಡ್ಡ ಪೊಟ್ಟಣವು ಕಿಲೋ ಲೆಕ್ಕದಲ್ಲಿ ಸಣ್ಣದಕ್ಕಿಂತ ಶೇಕಡಾ 25ರಷ್ಟು ಅಗ್ಗವಾಗಿದೆ ಎಂದುಕೊಳ್ಳಿ. ಅದರಲ್ಲಿ ಕಾಲು ಭಾಗವನ್ನು ನೀವು ಎಸೆದರೆ ಎರಡೂ ಒಂದೇ ಬೆಲೆಗೆ ಬಂದಂತಾಯಿತು, ಅದಕ್ಕಿಂತ ಒಂದು ಹಿಡಿ ಹೆಚ್ಚು ಎಸೆದರೂ ದೊಡ್ಡದೇ ದುಬಾರಿ. ಈ ಲೆಕ್ಕ ಎಲ್ಲ ಬಗೆಯ ರಿಯಾಯಿತಿಗೂ ಅನ್ವಯಿಸುತ್ತದೆ: ರಿಯಾಯಿತಿಯ ಪ್ರಮಾಣವನ್ನು ವ್ಯರ್ಥದ ಪ್ರಮಾಣ ಮೀರಿತೆಂದರೆ ಅದು ನಷ್ಟದ ವ್ಯಾಪಾರ. ಒಂದನ್ನು ಕೊಂಡರೆ ಇನ್ನೊಂದು ಉಚಿತ ಎಂಬಲ್ಲಿಯೂ, ಆ ಎರಡನೆಯದು ಕೊಳೆತುಹೋದರೆ ನಿಮಗೆ ಬಿಡಿಕಾಸಿನ ಲಾಭವಿಲ್ಲ, ಫ್ರಿಜ್ಜಿನಲ್ಲಿ ಜಾಗವೂ ಹೋಯಿತು. ಆದ್ದರಿಂದ ಸಣ್ಣದೋ ದೊಡ್ಡದೋ ಎಂಬ ನಿಮ್ಮ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪ್ರತಿಯೊಂದು ಪದಾರ್ಥವೂ ಎಷ್ಟು ದಿನ ಬಾಳುತ್ತದೆ, ಅಷ್ಟು ದಿನಗಳಲ್ಲಿ ನೀವು ಅದನ್ನು ಎಷ್ಟು ತಿನ್ನುತ್ತೀರಿ ಎಂಬ ಎರಡು ಅಂಶಗಳ ಮೇಲೆ ಉತ್ತರ ಬೇರೆಬೇರೆಯಾಗುತ್ತದೆ.

ವ್ಯರ್ಥವೆಂಬುದು ನಿಮ್ಮೊಬ್ಬರ ಮನೆಯ ಮಾತೂ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, 2022ರಲ್ಲಿ ಜಗತ್ತಿನ ಮನೆಗಳಲ್ಲಿ ತಲಾ ಸರಾಸರಿ 79 ಕಿಲೋ ಆಹಾರ ಕಸಕ್ಕೆ ಹೋಗಿದೆ. ಸಿಪ್ಪೆ, ಮೂಳೆಗಳೂ ಈ ಲೆಕ್ಕದಲ್ಲಿವೆ ಎಂಬುದು ನಿಜ, ಆದರೂ ದಿನಕ್ಕೆ 200 ಗ್ರಾಂಗಿಂತ ಹೆಚ್ಚಾಯಿತು. ನಿಮ್ಮದು ಇದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಊಹಿಸುವ ಬದಲು ಎರಡು ವಾರ ಬರೆದಿಡಿ. ಎಲ್ಲ ಖರ್ಚನ್ನೂ ಬರೆಯುವ ದೊಡ್ಡ ಪುಸ್ತಕ ಬೇಡ, ಅದನ್ನು ನಾಲ್ಕು ದಿನಕ್ಕಿಂತ ಹೆಚ್ಚು ಬರೆಯುವವರನ್ನು ನಾನು ಕಂಡಿರುವುದು ಕಡಿಮೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಎಸೆದದ್ದು ಏನು ಮತ್ತು ಏಕೆ, ಹೊರಗಿನಿಂದ ತರಿಸಿದ್ದು ಯಾವ ದಿನ ಮತ್ತು ಎಷ್ಟು ಹೊತ್ತಿಗೆ, ಇಷ್ಟನ್ನು ಮಾತ್ರ ಗುರುತು ಮಾಡಿ. ಎರಡು ವಾರದ ಬಳಿಕ ಆ ಹಾಳೆಯಲ್ಲಿ ಮೂರೋ ನಾಲ್ಕೋ ಹೆಸರುಗಳು ಮತ್ತೆ ಮತ್ತೆ ಬಂದಿರುತ್ತವೆ. ಹೆಚ್ಚಾಗಿ ಅವು ಸೊಪ್ಪು, ಕತ್ತರಿಸಿಟ್ಟ ತರಕಾರಿ, ಬ್ರೆಡ್, ಮೊಸರು ಮತ್ತು ಯಾವುದೋ ಒಂದು ಹೊಸ ಅಡುಗೆಗೆಂದು ತಂದು ಒಂದೇ ಚಮಚ ಬಳಸಿದ ಬಾಟಲಿ. ಆ ಹೆಸರುಗಳ ಕೊಳ್ಳುವ ರೀತಿಯನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಸದ್ಯಕ್ಕೆ ಮುಟ್ಟಬೇಡಿ.

ಈಗ ಪದಾರ್ಥಗಳ ಬಾಳಿಕೆಯ ವಿಷಯ. ಪಾಲಿಶ್ ಮಾಡಿದ ಬಿಳಿ ಅಕ್ಕಿ, ಒಣ ಬೇಳೆಕಾಳು, ಉಪ್ಪು, ಸಕ್ಕರೆ ಇವು ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲವಾದ್ದರಿಂದ, ಇವನ್ನು ನಿಮ್ಮ ಕೈಗೆಟುಕುವ ಅತಿ ದೊಡ್ಡ ಪೊಟ್ಟಣದಲ್ಲಿ ಧೈರ್ಯವಾಗಿ ತರಬಹುದು. ಹುಳದ ಭಯವಿದ್ದರೆ ತಂದ ಕೂಡಲೇ ಪೊಟ್ಟಣವನ್ನು ಒಂದು ವಾರ ಫ್ರೀಜರಿನಲ್ಲಿಟ್ಟು, ಹೊರತೆಗೆದು ಕೋಣೆಯ ಬಿಸಿಗೆ ಬಂದ ಮೇಲೆ ಡಬ್ಬಿಗೆ ಸುರಿಯಿರಿ. ತಣ್ಣಗಿರುವಾಗಲೇ ಪೊಟ್ಟಣ ಬಿಚ್ಚಿದರೆ ತೇವ ಹಿಡಿದು ಮುಗ್ಗುತ್ತದೆ. ಆದರೆ ಒಣ ಪದಾರ್ಥಗಳೆಲ್ಲವೂ ಒಂದೇ ಬಗೆಯಲ್ಲ, ಒಂಟಿಯಾಗಿರುವವರು ಎಡವುವುದು ಇಲ್ಲಿಯೇ. ತವುಡು ತೆಗೆಯದ ಅಕ್ಕಿ, ಇಡೀ ಗೋಧಿಯ ಹಿಟ್ಟು, ಶೇಂಗಾ ಮುಂತಾದ ಎಣ್ಣೆಯಂಶವಿರುವ ಬೀಜಗಳು ಬಿಳಿ ಅಕ್ಕಿಯಷ್ಟು ಬಾಳುವುದಿಲ್ಲ, ಅವುಗಳಲ್ಲಿರುವ ಕೊಬ್ಬು ಗಾಳಿಗೆ ಒಡ್ಡಿಕೊಂಡು ಕಮಟು ವಾಸನೆ ಬರುತ್ತದೆ. ಅಡುಗೆ ಎಣ್ಣೆಯೂ ಹಾಗೆಯೇ: ನಾಲ್ವರ ಮನೆಯಲ್ಲಿ ತಿಂಗಳಲ್ಲಿ ಖಾಲಿಯಾಗುವ ದೊಡ್ಡ ಡಬ್ಬಿ ನಿಮ್ಮಲ್ಲಿ ನಾಲ್ಕು ತಿಂಗಳು ತೆರೆದುಕೊಂಡಿರುತ್ತದೆ, ಒಲೆಯ ಪಕ್ಕದ ಬಿಸಿಯಲ್ಲಿ ಇಟ್ಟಿದ್ದರೆ ಇನ್ನೂ ಬೇಗ ಕೆಡುತ್ತದೆ. ಇಂಥವನ್ನು ಆರು ವಾರದೊಳಗೆ ಮುಗಿಯುವಷ್ಟೇ ತನ್ನಿ. ಸಾಂಬಾರ ಪದಾರ್ಥಗಳನ್ನು ಪುಡಿಯಾಗಿ ತರುವುದಕ್ಕಿಂತ ಇಡಿಯಾಗಿ ತಂದರೆ ಪರಿಮಳ ಬಹುಕಾಲ ಉಳಿಯುತ್ತದೆ. ಇದರಲ್ಲಿ ಉಳಿಯುವ ಹಣ ಸಣ್ಣದು, ಆದರೆ ರುಚಿ ಸಪ್ಪೆಯಾದಾಗಲೇ ಹೊರಗಿನ ಊಟದ ನೆನಪಾಗುವುದು ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ.

ತರಕಾರಿಯ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಿಮ್ಮ ಹಣ ಸೋರುತ್ತಿರುವ ದೊಡ್ಡ ತೂತುಗಳಲ್ಲಿ ಇದೊಂದು. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಇಡೀ ಎಲೆಕೋಸು, ಇಡೀ ಕುಂಬಳಕಾಯಿ ಇವು ಗಟ್ಟಿ ತರಕಾರಿಗಳು, ವಾರಗಟ್ಟಲೆ ನಿಲ್ಲುತ್ತವೆ. ಸೊಪ್ಪು, ಸೌತೆಕಾಯಿ, ಅಣಬೆ, ಮಾಗಿದ ಟೊಮೆಟೊ ಇವು ನಾಲ್ಕು ದಿನದ ಅತಿಥಿಗಳು. ಒಬ್ಬರಿಗೆ ಒಂದು ಬಾರಿಯ ಖರೀದಿಯಲ್ಲಿ ಮೃದು ತರಕಾರಿ ಎರಡು ಬಗೆಗಿಂತ ಹೆಚ್ಚು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ, ಉಳಿದದ್ದೆಲ್ಲ ಗಟ್ಟಿ ತರಕಾರಿಯಾಗಿರಲಿ. ವಾರದ ಮೊದಲ ಅರ್ಧದಲ್ಲಿ ಮೃದುವಾದದ್ದನ್ನು ಮುಗಿಸಿ, ಎರಡನೆಯ ಅರ್ಧದಲ್ಲಿ ಗಟ್ಟಿಯಾದದ್ದಕ್ಕೆ ಬನ್ನಿ. ತೂಕಕ್ಕಿಂತ ಎಣಿಕೆಯಲ್ಲಿ ಕೊಳ್ಳುವ ಅಭ್ಯಾಸ ಒಳ್ಳೆಯದು: ಅರ್ಧ ಕಿಲೋ ಎಂದು ಹೇಳುವ ಬದಲು ಮೂರು ಎಂದು ಹೇಳಿ. ಎಲೆಕೋಸನ್ನು ಎರಡು ಹೋಳು ಮಾಡಿದರೆ ಕತ್ತರಿಸಿದ ಮುಖ ಕಪ್ಪಾಗಿ ಒಣಗುತ್ತದೆ. ಅದರ ಬದಲು ಹೊರಗಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬಳಸುತ್ತ ಹೋದರೆ ಒಂದೇ ಕೋಸು ಒಬ್ಬರಿಗೆ ಎರಡು ಮೂರು ವಾರ ಬರುತ್ತದೆ.

ಇಡುವ ಜಾಗವೂ ಬಾಳಿಕೆಯನ್ನು ನಿರ್ಧರಿಸುತ್ತದೆ. ಬಾಳೆಹಣ್ಣು, ಸೇಬು, ಮಾಗುತ್ತಿರುವ ಟೊಮೆಟೊಗಳಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ, ಅದು ಸುತ್ತಲಿನ ಸೊಪ್ಪನ್ನು ಹಳದಿಯಾಗಿಸುತ್ತದೆ, ಸೌತೆಕಾಯಿಯನ್ನು ಬೇಗ ಮೆತ್ತಗಾಗಿಸುತ್ತದೆ. ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬುವುದು ಇದಕ್ಕಾಗಿಯೇ ತಪ್ಪು. ಆಲೂಗಡ್ಡೆಯನ್ನು ಕತ್ತಲೆಯ, ಗಾಳಿಯಾಡುವ, ತಂಪಾದ ಮೂಲೆಯಲ್ಲಿ ಈರುಳ್ಳಿಯಿಂದ ದೂರವಿಡಿ. ಬೆಳಕು ಬಿದ್ದು ಹಸಿರಾದ ಭಾಗದಲ್ಲಿ ವಿಷಕಾರಿ ಅಂಶ ಹೆಚ್ಚಾಗಿರುವ ಸಾಧ್ಯತೆಯಿರುವುದರಿಂದ ಅದನ್ನು ದಪ್ಪಗೆ ಕೆತ್ತಿ ತೆಗೆಯಬೇಕು, ಪೂರ್ತಿ ಹಸಿರಾಗಿದ್ದರೆ ಎಸೆಯಬೇಕು. ಸೊಪ್ಪನ್ನು ತೊಳೆಯದೆ, ನೀರು ಹೀರುವ ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ, ಸಡಿಲವಾಗಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಎರಡು ದಿನ ಹೆಚ್ಚು ನಿಲ್ಲುತ್ತದೆ. ಇಷ್ಟಾದ ಮೇಲೂ ಸೊಪ್ಪು ಕೊಳೆಯುತ್ತಿದ್ದರೆ ನಾಚಿಕೆ ಬಿಟ್ಟು ಘನೀಕರಿಸಿದ ತರಕಾರಿಯನ್ನು ಕೊಳ್ಳಿ. ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಬಿಸಿನೀರಿನಲ್ಲಿ ಅದ್ದಿ ತೆಗೆದು ಘನೀಕರಿಸುವುದರಿಂದ ಅದರ ಪೌಷ್ಟಿಕಾಂಶ ನಿಮ್ಮ ಫ್ರಿಜ್ಜಿನಲ್ಲಿ ಐದು ದಿನ ಬಾಡಿದ ತಾಜಾ ತರಕಾರಿಗಿಂತ ಕಡಿಮೆಯಿರಬೇಕೆಂದೇನಿಲ್ಲ, ಬೇಕಾದ ಹಿಡಿಯಷ್ಟನ್ನೇ ತೆಗೆದುಕೊಂಡು ಉಳಿದದ್ದನ್ನು ಹಾಗೆಯೇ ಇಡಬಹುದು. ಒಬ್ಬರಿಗೆ ಇದಕ್ಕಿಂತ ಅನುಕೂಲವಾದ ತರಕಾರಿ ಬೇರೆಯಿಲ್ಲ.

ಇನ್ನು ನಿಮ್ಮ ಭಾನುವಾರದ ಅಡುಗೆ. ಒಟ್ಟಿಗೆ ಬೇಯಿಸುವ ಆಲೋಚನೆ ಸರಿಯಾದದ್ದೇ, ಆದರೆ ನೀವು ಬೇಯಿಸುತ್ತಿರುವುದು ಪೂರ್ತಿಯಾದ ಅಡುಗೆಯನ್ನು. ಮಸಾಲೆ ಬಿದ್ದು, ಹುಳಿ ಉಪ್ಪು ಖಾರ ಎಲ್ಲವೂ ನಿಶ್ಚಯವಾಗಿಬಿಟ್ಟ ಒಂದು ಪಾತ್ರೆ ತಿನಿಸು ಆರು ಹೊತ್ತಿಗೂ ಒಂದೇ ಆಗಿರುತ್ತದೆ, ಮೂರನೆಯ ಹೊತ್ತಿಗೆ ನಾಲಿಗೆ ಮುಷ್ಕರ ಹೂಡುತ್ತದೆ. ಅದರ ಬದಲು ಮಸಾಲೆ ಸೇರಿಸದ ಮೂಲ ಸಾಮಗ್ರಿಯನ್ನು ಬೇಯಿಸಿಡಿ. ಉಪ್ಪು ಮಾತ್ರ ಹಾಕಿ ಬೇಯಿಸಿದ ಕಡಲೆಯೋ ಇನ್ನಾವುದೋ ಕಾಳೋ ಒಂದು ಡಬ್ಬಿ, ಈರುಳ್ಳಿ ಮತ್ತು ಟೊಮೆಟೊಗಳನ್ನು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿದ ಗೊಜ್ಜಿನಂಥದ್ದು ಒಂದು ಡಬ್ಬಿ, ಬೇಯಿಸಿದ ಆಲೂಗಡ್ಡೆ ಅಥವಾ ಮೊಟ್ಟೆ ನಾಲ್ಕು. ಇವಿಷ್ಟಿದ್ದರೆ ಸೋಮವಾರ ಆ ಕಾಳನ್ನು ಅನ್ನದ ಜೊತೆ ಗಟ್ಟಿಯಾಗಿ, ಮಂಗಳವಾರ ತೆಳ್ಳಗೆ ಸೂಪಿನಂತೆ, ಬುಧವಾರ ಹಸಿ ತರಕಾರಿಯೊಂದಿಗೆ ತಣ್ಣಗೆ, ಗುರುವಾರ ಕಿವುಚಿ ಬ್ರೆಡ್ಡಿನ ಅಥವಾ ರೊಟ್ಟಿಯ ನಡುವೆ ತಿನ್ನಬಹುದು. ಒಲೆಯ ಮುಂದೆ ಹದಿನೈದು ನಿಮಿಷ ಸಾಕು, ಮತ್ತು ನಾಲ್ಕೂ ದಿನದ ಊಟ ನಾಲ್ಕು ಬಗೆಯದ್ದು.

ಪೂರ್ತಿ ಅಡುಗೆಯನ್ನೇ ಮಾಡಿಡುವುದಾದರೆ ಫ್ರೀಜರನ್ನು ಉಗ್ರಾಣದಂತೆ ಬಳಸಿ. ಆರು ಊಟದಷ್ಟು ಮಾಡಿದ ದಿನ ಎರಡನ್ನು ಮಾತ್ರ ಫ್ರಿಜ್ಜಿನಲ್ಲಿಟ್ಟು ನಾಲ್ಕನ್ನು ಅಂದೇ ಘನೀಕರಿಸಿ. ಮುಂದಿನ ವಾರ ಬೇರೆ ಅಡುಗೆ, ಅದರಲ್ಲೂ ನಾಲ್ಕು ಒಳಗೆ. ಮೂರನೆಯ ವಾರಕ್ಕೆ ನಿಮ್ಮಲ್ಲಿ ಮೂರು ಬಗೆಯ ಸಿದ್ಧ ಊಟಗಳ ಸಂಗ್ರಹವಿರುತ್ತದೆ, ಬುಧವಾರದ ಬೇಸರ ಅಲ್ಲಿಗೆ ಮುಗಿಯಿತು. ಒಂದು ಊಟಕ್ಕೆ ಒಂದು ಡಬ್ಬಿ ಎಂಬ ನಿಯಮ ಇಲ್ಲಿ ಅತಿ ಮುಖ್ಯ, ದೊಡ್ಡ ಗಡ್ಡೆಯಾಗಿ ಘನೀಕರಿಸಿದರೆ ಬೇಡವಾದಷ್ಟನ್ನು ಕರಗಿಸಬೇಕಾಗುತ್ತದೆ. ನೀರು ಮಂಜುಗಡ್ಡೆಯಾಗುವಾಗ ಶೇಕಡಾ 9ರಷ್ಟು ಹಿಗ್ಗುವುದರಿಂದ ತೆಳ್ಳನೆಯ ಅಡುಗೆಯ ಡಬ್ಬಿಯನ್ನು ಕಂಠಪೂರ್ತಿ ತುಂಬಬೇಡಿ. ಚೀಲದಲ್ಲಿಡುವುದಾದರೆ ಚಪ್ಪಟೆಯಾಗಿ ಮಲಗಿಸಿ, ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ. ಮೇಲೆ ಹೆಸರು ಮತ್ತು ದಿನಾಂಕ ಬರೆಯಿರಿ, ಏಕೆಂದರೆ ಮಂಜು ಹಿಡಿದ ಮೇಲೆ ಎಲ್ಲವೂ ಒಂದೇ ಬಣ್ಣ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತವಾಗಿರುವ ಆಹಾರ ಅಪಾಯಕಾರಿಯಾಗುವುದಿಲ್ಲ, ರುಚಿ ಮಾತ್ರ ಕ್ರಮೇಣ ಕುಂದುತ್ತದೆ, ಆದ್ದರಿಂದ ಎರಡು ಮೂರು ತಿಂಗಳೊಳಗೆ ಉಣ್ಣುವುದು ಒಳಿತು.

ಹಣ ಉಳಿಸುವ ಭರದಲ್ಲಿ ತಂಗಳಿನ ವಿಷಯದಲ್ಲಿ ಅಸಡ್ಡೆ ಮಾಡಬಾರದು, ಹೊಟ್ಟೆ ಕೆಟ್ಟರೆ ಉಳಿದ ಹಣವೆಲ್ಲ ಔಷಧಿಗೆ ಹೋಗುತ್ತದೆ. ಬೆಂದ ಆಹಾರವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಫ್ರಿಜ್ಜಿನ ಒಳಗಿನ ಉಷ್ಣತೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿರಲಿ, ಮೂರರಿಂದ ನಾಲ್ಕು ದಿನದೊಳಗೆ ಉಣ್ಣಿ. ಭಾನುವಾರ ಮಾಡಿದ್ದನ್ನು ಶನಿವಾರ ತಿನ್ನುವ ಯೋಜನೆ ಇದಕ್ಕಾಗಿಯೇ ಸಲ್ಲದು. ಅನ್ನದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಅನ್ನ ಗಂಟೆಗಟ್ಟಲೆ ಹೊರಗೆ ಬೆಚ್ಚಗಿದ್ದರೆ ಅವು ಬೆಳೆದು ವಿಷವನ್ನು ಉತ್ಪತ್ತಿ ಮಾಡುತ್ತವೆ, ಮತ್ತು ವಾಂತಿ ತರಿಸುವ ಆ ವಿಷವು ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಒಳಗಿಡುವುದು ಸರಿಯಾದ ಕ್ರಮ. ಇನ್ನೊಂದು ಎಚ್ಚರಿಕೆ ರಾಜ್ಮಾ ಕಾಳಿಗೆ ಸಂಬಂಧಿಸಿದ್ದು. ಹಸಿಯಾದ ಅಥವಾ ಅರೆಬೆಂದ ಕೆಂಪು ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇರುತ್ತದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಚೆನ್ನಾಗಿ ಕುದಿಸಬೇಕು. ಮಂದ ಉರಿಯ ವಿದ್ಯುತ್ ಪಾತ್ರೆಯಲ್ಲಿ ಕುದಿ ಬರದೆ ದಿನವಿಡೀ ಬಿಸಿಮಾಡುವುದು ಅದನ್ನು ಹಸಿ ಕಾಳಿಗಿಂತಲೂ ಅಪಾಯಕಾರಿಯಾಗಿಸಬಲ್ಲದು.

ಪ್ರೋಟೀನಿನ ಬಗ್ಗೆ ನಿಮ್ಮ ಆತಂಕ ಸಹಜ, ಆದರೆ ಲೆಕ್ಕ ಹಾಕಿ ನೋಡಿದರೆ ಅದು ಅಷ್ಟು ದೊಡ್ಡದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸಹಸಂಸ್ಥೆಗಳು 2007ರಲ್ಲಿ ಪ್ರಕಟಿಸಿದ ವರದಿಯಂತೆ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸುರಕ್ಷಿತ ಮಟ್ಟ. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ ಆಗುತ್ತದೆ. ಒಣ ಬೇಳೆಕಾಳು 100 ಗ್ರಾಂನಲ್ಲಿ ಸುಮಾರು 24 ಗ್ರಾಂ, ಅಕ್ಕಿ 200 ಗ್ರಾಂನಲ್ಲಿ ಸುಮಾರು 14 ಗ್ರಾಂ, 250 ಮಿಲಿಲೀಟರ್ ಹಾಲಿನಲ್ಲಿ 8 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ: ಇಷ್ಟಕ್ಕೇ 52 ಗ್ರಾಂ ಆಯಿತು. ಮೊಟ್ಟೆ ತಿನ್ನದವರು ಒಂದು ಹಿಡಿ ಶೇಂಗಾ ಸೇರಿಸಿಕೊಳ್ಳಬಹುದು, 25 ಗ್ರಾಂ ಶೇಂಗಾದಲ್ಲಿ ಸರಿಸುಮಾರು ಅಷ್ಟೇ ಪ್ರೋಟೀನ್ ಇದೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಂಶವನ್ನು ಕಾಳು ತುಂಬಿಕೊಡುವುದರಿಂದ ಇವೆರಡನ್ನೂ ದಿನದಲ್ಲಿ ಸೇರಿಸಿ ಉಣ್ಣುವುದು ಒಳ್ಳೆಯದು. ಪ್ರೋಟೀನ್ ಪುಡಿ, ಪ್ರೋಟೀನ್ ಬಿಸ್ಕತ್ತು ಎಂದು ದುಬಾರಿ ಬೆಲೆಗೆ ಮಾರುವ ವಸ್ತುಗಳಿಗೆ ನಿಮ್ಮ ಬಜೆಟ್ಟಿನಲ್ಲಿ ಜಾಗವೇ ಬೇಡ.

ಯಾವ ಮೂಲ ಅಗ್ಗ ಎಂದು ತಿಳಿಯಲು ಒಂದು ಸರಳ ವಿಧಾನವಿದೆ: 100 ಗ್ರಾಂ ಪದಾರ್ಥದ ಬೆಲೆಯನ್ನು ಅದರಲ್ಲಿರುವ ಪ್ರೋಟೀನಿನ ಗ್ರಾಂಗಳಿಂದ ಭಾಗಿಸಿ. ಪೊಟ್ಟಣದ ಮೇಲೆ ಎರಡೂ ಅಂಕಿಗಳು ಸಾಮಾನ್ಯವಾಗಿ ಮುದ್ರಿತವಾಗಿರುತ್ತವೆ. ಸೋಯಾ ಅವರೆಯಲ್ಲಿ 100 ಗ್ರಾಂಗೆ ಸುಮಾರು 36 ಗ್ರಾಂ ಇರುವುದರಿಂದ ಅದು ಬಹುಪಾಲು ಕಡೆ ಈ ಪರೀಕ್ಷೆಯಲ್ಲಿ ಮುಂದಿರುತ್ತದೆ. ಮಾಂಸ ತಿನ್ನುವವರು ಅದನ್ನು ಊಟದ ನಡುವಿನ ತುಂಡಾಗಿ ಇಟ್ಟುಕೊಳ್ಳುವ ಬದಲು ಕಾಳಿನೊಂದಿಗೆ ಸಣ್ಣಗೆ ಹೆಚ್ಚಿ ಬೇಯಿಸಿದರೆ ಅರ್ಧ ಪ್ರಮಾಣದಲ್ಲೇ ಅದೇ ರುಚಿ ಬರುತ್ತದೆ. ಡಬ್ಬಿಯಲ್ಲಿ ಬರುವ ಬೆಂದ ಕಾಳಿಗೂ ಒಣ ಕಾಳಿಗೂ ಹೋಲಿಕೆ ಮಾಡುವಾಗ ಒಂದು ಸಂಗತಿ ನೆನಪಿರಲಿ: ಒಣ ಕಾಳು ಬೆಂದ ಮೇಲೆ ತೂಕದಲ್ಲಿ ಎರಡರಿಂದ ಎರಡೂವರೆ ಪಟ್ಟಾಗುತ್ತದೆ. ಆದ್ದರಿಂದ ಎರಡರ ಕಿಲೋ ಬೆಲೆಯನ್ನು ನೇರವಾಗಿ ಪಕ್ಕಪಕ್ಕ ಇಟ್ಟು ನೋಡುವುದು ತಪ್ಪು ಲೆಕ್ಕ.

ಅಳತೆಯನ್ನು ಕುರಿತು ಒಂದೆರಡು ಮಾತು. ಒಬ್ಬರ ಅಡುಗೆಯಲ್ಲಿ ಕಣ್ಣಳತೆ ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ, ಅದರಲ್ಲೂ ದೊಡ್ಡ ಮನೆಯಲ್ಲಿ ಅಡುಗೆ ಕಲಿತವರಿಗೆ. ಒಂದು ಹೊತ್ತಿಗೆ ಒಬ್ಬರಿಗೆ ಒಣ ಅಕ್ಕಿ 75 ಗ್ರಾಂನಿಂದ, ಒಣ ಬೇಳೆ 50 ಗ್ರಾಂನಿಂದ ಆರಂಭಿಸಿ, ನಿಮ್ಮ ಹಸಿವು ಮತ್ತು ದುಡಿಮೆಗೆ ತಕ್ಕಂತೆ ಏರಿಸಿ ಇಳಿಸಿ. ಒಮ್ಮೆ ತೂಗಿ, ಅಷ್ಟು ಹಿಡಿಯುವ ಒಂದು ಲೋಟವನ್ನು ಗೊತ್ತುಮಾಡಿ ಆ ಡಬ್ಬಿಯೊಳಗೇ ಇಟ್ಟುಬಿಡಿ.

ಈಗ ನಿಮ್ಮ ಎರಡನೆಯ ದೊಡ್ಡ ಸೋರಿಕೆಗೆ ಬರೋಣ. ಹೊರಗಿನಿಂದ ತರಿಸುವ ಒಂದು ಊಟದ ಬೆಲೆಯಲ್ಲಿ ಮನೆಯಲ್ಲಿ ಎಷ್ಟು ಊಟ ಮಾಡಬಹುದೆಂದು ನೀವೇ ಲೆಕ್ಕ ಹಾಕಿದರೆ, ಅಕ್ಕಿಯ ಪೊಟ್ಟಣದಲ್ಲಿ ಉಳಿಸಿದ ಚಿಲ್ಲರೆ ಎಷ್ಟು ಕ್ಷುಲ್ಲಕವೆಂದು ಕಾಣುತ್ತದೆ. ಜನ ಹೊರಗಿನಿಂದ ತರಿಸುವುದು ರುಚಿಯ ಆಸೆಗಿಂತ ಹೆಚ್ಚಾಗಿ ದಣಿವಿನಿಂದ ಎಂಬುದು ನಾನು ಗಮನಿಸಿರುವ ಸಂಗತಿ. ಸಂಜೆ ಬಂದು ಬಾಗಿಲು ತೆರೆದಾಗ ಹತ್ತು ನಿಮಿಷದಲ್ಲಿ ಆಗುವಂಥದ್ದು ಏನೂ ಇಲ್ಲವೆಂದರೆ ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ಇದಕ್ಕೆ ಮನೋಬಲ ಮದ್ದಲ್ಲ. ದಣಿದ ದಿನಕ್ಕೆಂದೇ ಮೂರು ಊಟಗಳನ್ನು ಗೊತ್ತುಮಾಡಿಟ್ಟುಕೊಂಡು, ಅವುಗಳ ಸಾಮಗ್ರಿ ಮನೆಯಲ್ಲಿ ಎಂದೂ ಮುಗಿಯದಂತೆ ನೋಡಿಕೊಳ್ಳಬೇಕು. ಘನೀಕರಿಸಿದ ಒಂದು ಡಬ್ಬಿ, ಮೊಟ್ಟೆ ಮತ್ತು ಬ್ರೆಡ್, ಓಟ್ಸ್ ಮತ್ತು ತರಕಾರಿಯ ಬಿಸಿ ಗಂಜಿ, ಇಂಥವು. ಅವು ಹಬ್ಬದಡುಗೆಯಾಗಬೇಕಿಲ್ಲ, ಫೋನಿಗಿಂತ ಬೇಗ ಆದರೆ ಸಾಕು. ಹಾಗೆಂದು ಹೊರಗಿನ ಊಟವನ್ನು ಪೂರ್ತಿ ನಿಷೇಧಿಸಬೇಡಿ. ತಿಂಗಳಿಗೆ ಎರಡು ಎಂದು ಮೊದಲೇ ಹಣ ತೆಗೆದಿಟ್ಟು, ಸ್ನೇಹಿತರೊಂದಿಗೆ ಕೂತು ಉಣ್ಣಿ. ಒಂಟಿಯಾಗಿ ದಣಿದು ತಿಂದದ್ದಕ್ಕಿಂತ ಆ ಹಣಕ್ಕೆ ಹೆಚ್ಚು ಬೆಲೆ ಸಿಗುತ್ತದೆ.

ಕೆಲವು ಚಿಕ್ಕ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಬೂಸಲು ತಡವಾಗುತ್ತದೆ ನಿಜ, ಆದರೆ ಅದರ ಪಿಷ್ಟ ಆ ಉಷ್ಣತೆಯಲ್ಲಿ ಬೇಗ ಗಟ್ಟಿಯಾಗಿ ಒರಟಾಗುತ್ತದೆ. ತುಂಡುಗಳನ್ನು ಫ್ರೀಜರಿನಲ್ಲಿಟ್ಟು, ಬೇಕಾದಷ್ಟನ್ನೇ ತೆಗೆದು ನೇರವಾಗಿ ಸುಟ್ಟುಕೊಳ್ಳುವುದು ಉತ್ತಮ. ಹಾಲು ಕಡಿಮೆ ಬಳಸುವವರಾದರೆ ಕೆನೆರಹಿತ ಹಾಲಿನ ಪುಡಿಯ ಒಂದು ಪೊಟ್ಟಣ ಇಟ್ಟುಕೊಳ್ಳಿ, ಸುಮಾರು 100 ಗ್ರಾಂ ಪುಡಿಯಿಂದ ಒಂದು ಲೀಟರಿನಷ್ಟು ಹಾಲಾಗುತ್ತದೆ, ಅರ್ಧ ಲೋಟ ಬೇಕಾದಾಗ ಅರ್ಧ ಲೋಟವನ್ನೇ ಮಾಡಿಕೊಳ್ಳಬಹುದು. ಪೊಟ್ಟಣದ ಮೇಲಿನ ದಿನಾಂಕಗಳಲ್ಲಿ ಎರಡು ಬಗೆಯಿವೆ: ಇಂಥ ದಿನದವರೆಗೆ ಗುಣಮಟ್ಟ ಉತ್ತಮ ಎನ್ನುವುದು ರುಚಿಗೆ ಸಂಬಂಧಿಸಿದ್ದು, ಇಂಥ ದಿನದೊಳಗೆ ಬಳಸಿ ಎನ್ನುವುದು ಸುರಕ್ಷತೆಗೆ ಸಂಬಂಧಿಸಿದ್ದು. ಮೊದಲನೆಯದು ದಾಟಿದ ಒಣ ಪದಾರ್ಥವನ್ನು ನೋಡಿ, ಮೂಸಿ ನಿರ್ಧರಿಸಬಹುದು, ಎರಡನೆಯದು ದಾಟಿದ್ದನ್ನು ಎಸೆಯಲೇಬೇಕು.

ಇಂಧನದ ಖರ್ಚೂ ಊಟದ ಖರ್ಚೇ. ಒಂದು ಹಿಡಿ ಕಾಳು ಬೇಯಲೂ ನಾಲ್ಕು ಹಿಡಿ ಬೇಯಲೂ ಹೆಚ್ಚುಕಡಿಮೆ ಒಂದೇ ಹೊತ್ತು ಬೇಕಾಗುವುದರಿಂದ ಕಾಳನ್ನು ಒಬ್ಬರಿಗೆಂದು ಒಂದೇ ಹಿಡಿ ಬೇಯಿಸುವುದು ದುಂದು. ಕುದಿ ಬಂದ ಮೇಲೆ ಉರಿಯನ್ನು ಎಷ್ಟೇ ಏರಿಸಿದರೂ ತೆರೆದ ಪಾತ್ರೆಯ ನೀರಿನ ಉಷ್ಣತೆ ಏರುವುದಿಲ್ಲ, ನೀರು ಬೇಗ ಆವಿಯಾಗುತ್ತದೆ ಅಷ್ಟೆ. ಮುಚ್ಚಳ ಮುಚ್ಚಿ ಉರಿ ತಗ್ಗಿಸಿ. ಪ್ರೆಷರ್ ಕುಕ್ಕರಿನೊಳಗೆ ಉಷ್ಣತೆ ಸುಮಾರು 120 ಡಿಗ್ರಿಯವರೆಗೆ ಏರುವುದರಿಂದ ಸಮಯ ಬಹಳ ಉಳಿಯುತ್ತದೆ. ಹೊಸ ಉಪಕರಣ ಕೊಳ್ಳುವುದಾದರೆ ಅದೊಂದು, ಮತ್ತು ಒಂದು ಚಿಕ್ಕ ತಕ್ಕಡಿ, ಮುಚ್ಚಳ ಗಟ್ಟಿಯಾಗಿ ಕೂರುವ ಒಂದೇ ಅಳತೆಯ ಎಂಟು ಡಬ್ಬಿ, ಇಷ್ಟು ಸಾಕು.

ಖರ್ಚು ತಗ್ಗಿಸಬಾರದ ಜಾಗವೂ ಇದೆ. ಹಣ ಬಿಗಿಯಾದಾಗ ಮೊದಲು ಕೈಬಿಡುವುದು ಹಣ್ಣು ತರಕಾರಿಯನ್ನು, ಏಕೆಂದರೆ ಅವು ಹೊಟ್ಟೆ ತುಂಬಿಸುವುದಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 360 ಕ್ಯಾಲೊರಿ ಇದ್ದರೆ ಅಷ್ಟೇ ಎಲೆಕೋಸಿನಲ್ಲಿ ಇರುವುದು 25. ಹೊಟ್ಟೆಯ ಲೆಕ್ಕದಲ್ಲಿ ತರಕಾರಿ ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಯನ್ನು ಸಲಹೆ ಮಾಡಿರುವುದು ಕ್ಯಾಲೊರಿಗಾಗಿ ಅಲ್ಲ. ಆ 400 ಗ್ರಾಂ ಉಳಿಸಿಕೊಂಡು ಅದರೊಳಗೆ ಋತುಮಾನದ, ಅಗ್ಗವಾದ, ಗಟ್ಟಿ ಬಗೆಗಳನ್ನು ಆರಿಸಿಕೊಳ್ಳಿ. ಪಕ್ಕದಲ್ಲಿ ನಿಮ್ಮಂತೆಯೇ ಒಬ್ಬರೇ ಇರುವವರಿದ್ದರೆ ದೊಡ್ಡ ಕುಂಬಳಕಾಯಿ, ದೊಡ್ಡ ಎಣ್ಣೆ ಡಬ್ಬಿಗಳನ್ನು ಇಬ್ಬರೂ ಸೇರಿ ಕೊಂಡು ಹಂಚಿಕೊಳ್ಳಿ, ದೊಡ್ಡ ಪೊಟ್ಟಣದ ಬೆಲೆಯೂ ಸಿಗುತ್ತದೆ, ಸಣ್ಣ ಪೊಟ್ಟಣದ ಬಾಳಿಕೆಯೂ ಸಿಗುತ್ತದೆ.

ಬರುವ ಭಾನುವಾರ ನೀವು ಅಂಗಡಿಗೆ ಹೋಗಬೇಡಿ. ಫ್ರಿಜ್ಜು, ಫ್ರೀಜರು, ಡಬ್ಬಿಗಳಲ್ಲಿ ಈಗಾಗಲೇ ಇರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಬೇಗ ಕೆಡುವುದನ್ನು ಮೇಲೆ, ತಡವಾಗಿ ಕೆಡುವುದನ್ನು ಕೆಳಗೆ ಹಾಕಿ, ಮೇಲಿನಿಂದ ಕೆಳಕ್ಕೆ ಉಣ್ಣುತ್ತ ಬನ್ನಿ. ಹಾಲು, ಮೊಟ್ಟೆಯಂಥ ಅನಿವಾರ್ಯವಾದದ್ದನ್ನು ಬಿಟ್ಟು ಬೇರೇನನ್ನೂ ಕೊಳ್ಳದೆ ಎಷ್ಟು ದಿನ ನಡೆಯುತ್ತದೆ ಎಂದು ಎಣಿಸಿ. ಆ ದಿನಗಳ ಸಂಖ್ಯೆ ಎಷ್ಟೋ, ಅಷ್ಟು ದಿನದ ಹಣ ನಿಮ್ಮ ಅಡುಗೆಮನೆಯಲ್ಲಿ ಸುಮ್ಮನೆ ಕೂತಿತ್ತು.